ಚಂದ ಎನ್ನದ ಮನೆ

ಬ್ರಹ್ಮಾವರದಲ್ಲಿ ನಮ್ಮ ಬಟ್ಟೆ ಅಂಗಡಿಯ ಹಿಂದಿನ ಬೈಲು ದಾಟಿದರೆ ಒಂದು ಅಕ್ಕಿ ಮಿಲ್ಲಿದೆ. ಮೂಡುಗಾಳಿ ಬೀಸುವ ಬೆಳಿಗ್ಗೆ ಅಲ್ಲಿ ಭತ್ತ ಬೇಯುವ ವಾಸನೆ ನೇರ ಅಂಗಡಿಯೊಳಗೆ ನುಗ್ಗುತ್ತದೆ. ಮೊದಲು ನೆನೆದ ಹೊಟ್ಟಿನ ಒಗರು, ಅದರ ಬೆನ್ನಿಗೇ ಒಂದು ಮಂದ ಸಿಹಿ, ಆಮೇಲೆ ಹೊಗೆ. ಹೊಸ ಸೀರೆಯ ಮಡಿಕೆ ಬಿಡಿಸುವಾಗ ಏಳುವ ಗಂಜಿಯ ವಾಸನೆ ಅದರೆದುರು ಏನೇನೂ ಅಲ್ಲ. ಈಗಿನ ಹುಡುಗಿಯರು ದುಪ್ಪಟ್ಟಾ ಮೂಗಿಗೆ ಹಿಡಿದು, "ಎಂತ ವಾಸ್ನಿ ಇದ್?" ಎಂದು ಕೇಳುತ್ತಾರೆ. ಕುಚ್ಚಲಕ್ಕಿ ಉಂಡೇ ಬೆಳೆದ ಮಕ್ಕಳು ಹೀಗೆ ಕೇಳಿದರೆ ನನಗೆ ನಗು ಬರುತ್ತದೆ. ನಿಮ್ಮಲ್ಲಿ ಯಾರ ಮನೆಯ ಹಿತ್ತಲಲ್ಲಾದರೂ ಭತ್ತದ ಹಂಡೆ ಕುದಿದಿದ್ದರೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಆ ವಾಸನೆ ಬಂದ ಕೂಡಲೇ ನಾನು ಕತ್ತರಿ ಕೆಳಗಿಡುತ್ತೇನೆ. ಗಿರಾಕಿ ಕಾದರೆ ಕಾಯಲಿ. ಹಟ್ಟಿಯಂಗಡಿಯ ನಮ್ಮ ಅಜ್ಜಿಮನೆಗೆ ಹೋಗಿ ಬರುವುದಕ್ಕೆ ನನಗೆ ಈಗ ಉಳಿದಿರುವ ದಾರಿ ಅದೊಂದೇ.

ಅದು ನನ್ನ ಅಮ್ಮನ ತವರು. ಹೊಳೆಯಿಂದ ಒಂದು ಕೂಗಿನ ದೂರದಲ್ಲಿ, ಮುರಕಲ್ಲಿನ ಗೋಡೆಯ ಹಂಚಿನ ಮನೆ. ಮನೆಗಿಂತ ಅಂಗಳವೇ ದೊಡ್ಡದು, ಏಕೆಂದರೆ ಅಜ್ಜಯ್ಯನದು ಅಕ್ಕಿ ವ್ಯಾಪಾರ. ಅವರು ಸುತ್ತಲಿನ ಊರುಗಳಿಂದ ಭತ್ತ ಕೊಂಡು ತರುತ್ತಿದ್ದರು, ಅಮ್ಮಮ್ಮ ಅದನ್ನು ಬೇಯಿಸಿ ಒಣಗಿಸುತ್ತಿದ್ದಳು, ಆಮೇಲೆ ಗಾಡಿ ಕುಂದಾಪುರದ ಮಿಲ್ಲಿಗೆ ಹೋಗುತ್ತಿತ್ತು. ಬೆಳಕು ಹರಿಯುವ ಮೊದಲೇ ಹಿತ್ತಲಿನ ಒಲೆಗೆ ಬೆಂಕಿ ಬಿದ್ದಿರುತ್ತಿತ್ತು. ಹಂಡೆಯ ಬಾಯಿಂದ ಹಬೆ ಏಳುವಾಗ ಅಮ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿರ ಹೋಗಿ, ಉದ್ದ ಹಿಡಿಯ ಸೌಟಿನಿಂದ ನಾಲ್ಕು ಕಾಳು ತೆಗೆದು, ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಸಿಪ್ಪೆ ಸಣ್ಣಗೆ ಸೀಳಿ ಭತ್ತ ಬಾಯಿ ಬಿಟ್ಟಿರಬೇಕು, ಆದರೆ ಅಕ್ಕಿ ಹೊರಗೆ ಇಣುಕಿರಬಾರದು. "ಹದ ಆಯ್ತ್, ಬೆಂಕಿ ಎಳಿ" ಎಂದು ಅವಳು ಹೇಳಿದರೆ ಮುಗಿಯಿತು, ಕೊಳ್ಳಿಗಳು ಹೊರಗೆ ಬರುತ್ತಿದ್ದವು. ಮಕ್ಕಳಾದ ನಮಗೆ ಬಿಸಿ ಭತ್ತವನ್ನು ಅಂಗಳದಲ್ಲಿ ಹರವಿ, ಅದರ ಮೇಲೆ ಕಾಲೆಳೆಯುತ್ತ ಸಾಲು ಬಿಡಿಸುವ ಕೆಲಸ. ಅಂಗಾಲು ಸುಡುತ್ತಿತ್ತು, ಆದರೂ ಯಾರೂ ಬೇಡವೆನ್ನುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಗೆ ಓಡಿಸುವ ನೆಪದಲ್ಲಿ ಎಲ್ಲರೂ ಜಗಲಿಯ ತಂಪಿನಲ್ಲಿ ಬಿದ್ದುಕೊಂಡಿರುತ್ತಿದ್ದೆವು.

ಭತ್ತಕ್ಕೆ ಹದ ಎನ್ನುವುದು ಎಲ್ಲರೂ ಬಲ್ಲ ಮಾತು. ಆದರೆ ನಮ್ಮ ಅಮ್ಮಮ್ಮನಿಗೆ ಎಲ್ಲವೂ ಹದ. ಹೊಸ ಸೀರೆ ಉಟ್ಟರೆ ಸೀರೆ ಹದ. ಬಾಣಂತಿಯ ಮಡಿಲಲ್ಲಿ ಮಲಗಿದ ಮಗು ಹದ. ಹೊಳೆಯ ಆಚೆ ದಡದಲ್ಲಿ ಆಕಾಶ ಕೆಂಪಾದರೆ ಅದೂ ಹದ. ಯಾಕೆಂದು ಹೇಳುತ್ತೇನೆ. ಅಜ್ಜಯ್ಯನ ಹೆಸರು ಚಂದಯ್ಯ. ಗಂಡನ ಹೆಸರು ಹೇಳಬಾರದು ಎಂಬ ಕಟ್ಟು ಆಗಿನ ಎಲ್ಲ ಹೆಂಗಸರಿಗೂ ಇತ್ತು, ಅದರಲ್ಲಿ ಹೊಸತೇನಿಲ್ಲ. ಆದರೆ ಅಮ್ಮಮ್ಮ ಆ ಹೆಸರನ್ನು ಮಾತ್ರವಲ್ಲ, ಅದರ ನೆರಳು ಬಿದ್ದ ಯಾವ ಮಾತನ್ನೂ ಬಾಯಿಗೆ ತರುತ್ತಿರಲಿಲ್ಲ. ಆದ್ದರಿಂದ ಚಂದ ಎಂಬ ಮಾತು ಅವಳಿಗಿಲ್ಲ. ನಮ್ಮ ಕಡೆಯಲ್ಲಿ ದಿನಕ್ಕೆಷ್ಟು ಸಲ ಜನ ಚಂದ ಎನ್ನುತ್ತಾರೆ ಎಂದು ಯೋಚಿಸಿ ನೋಡಿ, ಆಗ ಅವಳ ಕಷ್ಟ ತಿಳಿಯುತ್ತದೆ. ಗಣಪತಿ ಕೂರಿಸಲು ಚಂದಾ ಎತ್ತುವವರು ಬಂದರೂ "ಅವ್ರ್ ಬಂದ್ರ್ ಕಾಣಿ, ಎತ್ತುಕೆ" ಎಂದು ಒಳಗೆ ಹೇಳುತ್ತಿದ್ದಳು. ಏನನ್ನು ಎತ್ತಲು ಎಂಬುದನ್ನು ಕೇಳಿದವರೇ ತುಂಬಿಕೊಳ್ಳಬೇಕು. ಅವಳ ಅತ್ತೆಯ ಹೆಸರು ಮಲ್ಲಿ ಎಂದಿದ್ದರಿಂದ ಮಲ್ಲಿಗೆಗೂ ಅವಳಲ್ಲಿ ಜಾಗವಿರಲಿಲ್ಲ, ಅದು ಮಾಲೆಹೂವಾಯಿತು.

ತಮಾಷೆಯೆಂದರೆ ಅಜ್ಜಯ್ಯ ಹೆಸರಿಗೆ ತಕ್ಕ ಹಾಗೆ ಇರಲೇ ಇಲ್ಲ. ಸಿಡುಬಿನ ಕಲೆ ತುಂಬಿದ ಮುಖ, ಒಂದು ಕಡೆಗೆ ವಾಲಿದ ಮೂಗು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂದು ಅವರ ಭಾವಂದಿರು ಎದುರೇ ಗೇಲಿ ಮಾಡುತ್ತಿದ್ದರಂತೆ. ಅಜ್ಜಯ್ಯ ತಾವೂ ನಗುತ್ತಿದ್ದರು. ಅಮ್ಮಮ್ಮ ಮಾತ್ರ ಆ ಗೇಲಿಗೆ ಎಂದೂ ನಕ್ಕವಳಲ್ಲ. ಅವಳು ಅವರನ್ನು ಕರೆಯುವುದು "ಕೇಂತಾ?" ಎಂಬ, ಕೇಳಿಸಿತಾ ಎನ್ನುವ, ಒಂದೇ ಮಾತಿನಿಂದ. ಅಂಗಳದ ಆ ತುದಿಯಲ್ಲಿ ಹತ್ತು ಜನ ಇದ್ದರೂ ಆ ಕೇಂತಾಕ್ಕೆ ತಲೆಯೆತ್ತುವವರು ಅಜ್ಜಯ್ಯ ಒಬ್ಬರೇ ಆಗಿರುತ್ತಿದ್ದರು.

ಊರಿನವರಿಗೂ ಇದು ಗೊತ್ತಿತ್ತು. ಗಂಗೊಳ್ಳಿಯಿಂದ ಮೀನು ಹೊತ್ತು ತರುತ್ತಿದ್ದ ಗುಲಾಬಿಗಂತೂ ಅಮ್ಮಮ್ಮನ ಬಾಯಲ್ಲಿ ಆ ಮಾತು ಹೊರಡಿಸುವುದೇ ಒಂದು ಆಟ. ಹೆಡಿಗೆ ಇಳಿಸಿ, ಬಂಗುಡೆಯೊಂದನ್ನು ಬಿಸಿಲಿಗೆ ಹೊಳೆಯುವಂತೆ ಹಿಡಿದು, "ಬಂಗ್ಡಿ ಹ್ಯಾಂಗಿತ್ತ್ ಅಮ್ಮ, ಹೇಳಿ ಕಾಂಬ" ಎನ್ನುತ್ತಿದ್ದಳು.

"ಹದ ಇತ್ತ್."

"ಅದಲ್ಲ, ಇನ್ನೊಂದ್ ಮಾತ್ ಇತ್ತಲ್ದಾ. ಅದನ್ನ್ ಹೇಳಿರೆ ಎರಡ್ ಮೀನ್ ಹೆಚ್ಚ್ ಹಾಕ್ತೆ."

"ಮೊದ್ಲ್ ನೀ ನಿನ್ನ್ ಗಂಡನ ಹೆಸ್ರ್ ಹೇಳ್. ಆಮೇಲ್ ನಾ ಹೇಳ್ತೆ."

ಗುಲಾಬಿ ನಾಲಿಗೆ ಕಚ್ಚಿಕೊಂಡು ನಗುತ್ತಿದ್ದಳು. ಎರಡು ಬಂಗುಡೆ ಹೆಚ್ಚಿಗೆ ಬೀಳುತ್ತಲೇ ಇದ್ದವು. ಹಾಗಂತ ಅಮ್ಮಮ್ಮ ಮೆತ್ತಗಿನ ಹೆಂಗಸು ಎಂದು ತಿಳಿಯಬೇಡಿ. ಭತ್ತದಲ್ಲಿ ಜೊಳ್ಳು ಕಂಡರೆ ಗಾಡಿಯವನನ್ನು ಗಾಡಿಯ ಸಮೇತ ವಾಪಸು ಕಳಿಸುತ್ತಿದ್ದವಳು. ಹೆಸರು ಹೇಳದಿರುವುದನ್ನು ಅವಳು ಹೆದರಿಕೆಯಿಂದ ಮಾಡಲಿಲ್ಲ, ನಾಚಿಕೆಯಿಂದಲೂ ಅಲ್ಲ. ತನ್ನದೊಂದು ವಸ್ತುವನ್ನು ಪೆಟ್ಟಿಗೆಯಲ್ಲಿಟ್ಟು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವರ ಗತ್ತು ಅದರಲ್ಲಿತ್ತು. ಮಕ್ಕಳು ಮೊಮ್ಮಕ್ಕಳು ಚಂದ ಎಂದರೆ ತಪ್ಪೇನಿರಲಿಲ್ಲ, ಆದರೆ ಅವಳ ಕಿವಿಗೆ ಬೀಳುವಂತೆ ಯಾರೂ ಹೇಳುತ್ತಿರಲಿಲ್ಲ. ಬಿದ್ದರೆ ಅವಳು ಬೈಯುತ್ತಿರಲಿಲ್ಲ, ಮಾಡುತ್ತಿದ್ದ ಕೆಲಸ ನಿಲ್ಲಿಸಿ ಹೇಳಿದವರ ಮುಖವನ್ನೇ ನೋಡುತ್ತಿದ್ದಳು. ಆ ನೋಟ ಯಾರಿಗೂ ಬೇಕಿರಲಿಲ್ಲ. ಹೀಗಾಗಿ ಇಡೀ ಮನೆಯೇ ಅವಳ ಭಾಷೆ ಕಲಿಯಿತು.

ಸಂಜೆ ಒಣಗಿದ ಭತ್ತವನ್ನು ಗುಡ್ಡೆ ಹಾಕಿ, ತೆಂಗಿನ ಗರಿ ಹೆಣೆದ ಮಡ್ಲ ತಟ್ಟಿ ಮುಚ್ಚಿ, ಎಲ್ಲರೂ ಅಂಗಳದಲ್ಲಿ ಕೂರುವ ಹೊತ್ತಿಗೆ ಹಾಡಿಯ ಮರಗಳ ಮೇಲಿಂದ ಚಂದ್ರ ಬರುತ್ತಿದ್ದ. ಆ ಮಾತೂ ಅಮ್ಮಮ್ಮನಿಗೆ ಸಲ್ಲದು. ಮಗುವಿಗೆ ಅನ್ನ ಉಣ್ಣಿಸುವಾಗ ಬೆರಳು ಮೇಲೆತ್ತಿ, "ತಂಪ ಬಂದ, ತಂಪ ಬಂದ, ಬಾಯಿ ಆ ಮಾಡ್" ಎನ್ನುತ್ತಿದ್ದಳು. ದಿನವಿಡೀ ಹಂಡೆಯ ಬೆಂಕಿಯೆದುರು, ಅಂಗಳದ ಬಿಸಿಲಲ್ಲಿ ಬೆಂದ ಹೆಂಗಸಿಗೆ ಅವನು ತಂಪನಲ್ಲದೆ ಇನ್ನೇನು? ನಾನೂ ನನ್ನ ಅಣ್ಣಂದಿರೂ ಚಂದ್ರನನ್ನು ತಂಪ ಎಂದೇ ಕಲಿತೆವು. ಅಮ್ಮನ ಕಿರಿಯ ತಮ್ಮ ಶೀನ ಮಾವ ನಮಗಿಂತ ಬಹಳ ಮೊದಲೇ ಕಲಿತಿದ್ದರು. ಅವರು ಅಮ್ಮಮ್ಮನ ಕೊನೆಯ ಮಗ, ಉಳಿದ ಮಕ್ಕಳು ಅವಳನ್ನು ಅಮ್ಮ ಎಂದರೆ ಅವರೊಬ್ಬರು ಹಳೆಯ ರೂಢಿಯಂತೆ ಅಬ್ಬಿ ಎಂದು ಕರೆಯುತ್ತಿದ್ದರು. ಕಡೇಮಗುವೆಂದು ಎಷ್ಟೋ ಕಾಲ ಮಡಿಲು ಬಿಡದೆ ಅವಳ ಜೊತೆಗೇ ಇದ್ದವರು. ಅವಳು ಮಾಡಿದ ಮಾತುಗಳೆಲ್ಲ ಅವರಿಗೆ ಮೊದಲ ಮಾತುಗಳು. ಲೋಕದಲ್ಲಿ ಬೇರೆಯವರು ಬೇರೆ ಏನೋ ಹೇಳುತ್ತಾರೆ ಎಂದು ಅವರಿಗೆ ತಿಳಿದದ್ದು ಆಮೇಲೆ.

ನನಗೂ ತಿಳಿಯಿತು. ಕುಂದಾಪುರದ ಹೈಸ್ಕೂಲಿಗೆ ಸೇರಿದ ಹೊಸತರಲ್ಲಿ ಗೆಳತಿಯೊಬ್ಬಳಿಗೆ "ನಿನ್ನ್ ಲಂಗ ಹದ ಇತ್ತ್" ಎಂದೆ. ಬೆಂದಿದೆಯಾ ಎಂದು ಅವಳು ಕೇಳಿದಳು, ತರಗತಿಗೆ ತರಗತಿಯೇ ನಕ್ಕಿತು. ನಾನು ಜಾಣೆ, ಮಾರನೆಯ ದಿನದಿಂದಲೇ ಎಲ್ಲರಂತೆ ಚಂದ ಎನ್ನತೊಡಗಿದೆ, ಮುಂದೆ ಅಂಗಡಿಯಲ್ಲಿ ಕುಳಿತ ಮೇಲೆ ಆ ಮಾತಿನಿಂದಲೇ ಅನ್ನ ಉಂಡೆ. "ನಿಮ್ಗೆ ಚಂದ ಕಾಂತ್" ಎನ್ನದೆ ಸೀರೆ ಮಾರಿದವರು ಯಾರಾದರೂ ಇದ್ದಾರೆಯೇ? ಮಾವ ನನ್ನ ಹಾಗೆ ಆ ಮನೆಯ ಮಾತು ಬಿಡಲಿಲ್ಲ. ಅವರು ಅಜ್ಜಯ್ಯನ ವ್ಯಾಪಾರವನ್ನೇ ಮುಂದುವರಿಸಿ ಬೈಂದೂರು ಪೇಟೆಯಲ್ಲಿ ಅಕ್ಕಿ ಅಂಗಡಿ ಹಾಕಿದರು. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಊರಿನ ಎಲ್ಲರ ಮಾತನ್ನೇ ಆಡುತ್ತಿದ್ದರು. ಆದರೆ ಮಧ್ಯಾಹ್ನ ಗಿರಾಕಿ ತೆಳುವಾದ ಮೇಲೆ ಅಕ್ಕಿ ಮೂಟೆಗೆ ಒರಗಿ ಬರೆಯಲು ಕುಳಿತರೆ ಬರುತ್ತಿದ್ದುದು ಹಟ್ಟಿಯಂಗಡಿಯ ಅಂಗಳದ ಮಾತು. ಹೀಗೆ ಬರೆದದ್ದು ಪತ್ರಿಕೆಗಳಲ್ಲಿ ಬಂತು, ಪುಸ್ತಕವಾಯಿತು, ಅಕ್ಕಿ ಅಂಗಡಿಯ ಕವಿ ಎಂದು ಅವರಿಗೆ ಹೆಸರಾಯಿತು.

ಕವಿಗೆ ಶಬ್ದ ಎಲ್ಲಿಂದ ಬರುತ್ತದೆ ಎಂದು ದೊಡ್ಡವರು ಭಾಷಣ ಮಾಡುವುದನ್ನು ನಾನು ಮುಂದಿನ ಸಾಲಿನಲ್ಲೇ ಕುಳಿತು ಕೇಳಿದ್ದೇನೆ. ನಮ್ಮ ಮಾವನಿಗೆ ಎಲ್ಲೆಲ್ಲಿಂದ ಬಂತೆಂದು ನನಗೆ ಗೊತ್ತು. ಅವರ ಕವಿತೆಯಲ್ಲಿ ಸುಮ್ಮಸುಮ್ಮನೆ ಎನ್ನಲು ಬರುವ 'ಖಾಲಿಪೀಲಿ' ಬೊಂಬಾಯಿಯ ಹೋಟೆಲಿನಿಂದ ರಜೆಗೆ ಬರುತ್ತಿದ್ದ ನೆರೆಮನೆಯವರದು, ಅವರು ಕೊಟ್ಟ ಬಿಸ್ಕತ್ತಿನ ಜೊತೆಗೇ ಬಂದದ್ದು. 'ಬಾಯಿ ಬಿಟ್ಟ ಭತ್ತ' ನಮ್ಮ ಹಿತ್ತಲಿನದು. ಹೊಳೆಯ ನಡುವಿನ ತುಂಡುನೆಲಕ್ಕೆ ನಾವೆಲ್ಲ ಹೇಳುವ 'ಕುದ್ರು' ದೋಣಿ ದಾಟಿಸುವವರ ಬಾಯಿಂದ ಬಂದು ಅವರ ಪುಸ್ತಕದಲ್ಲಿ ಕುಳಿತಿತು. ಆದರೆ ಓದಿದವರೆಲ್ಲ ಹಿಡಿದುಕೊಂಡದ್ದು ಎರಡೇ ಶಬ್ದಗಳನ್ನು, ಹದ ಮತ್ತು ತಂಪ. ಅವರ ಒಂದು ಸಾಲು ಹೀಗಿದೆ: 'ತಂಪ ಮೂಡಿದ ಮೇಲೆ ಹೊಳೆಯೂ ಹದ, ಹೊಳೆ ಕಾಯುವ ದೋಣಿಯೂ ಹದ.' ಚಂದ್ರ ಮೂಡಿದ, ಹೊಳೆ ಚಂದ, ದೋಣಿ ಚಂದ, ಅಷ್ಟೇ. ನಮ್ಮ ಮನೆಯ ಕೂಸುಗಳಿಗೂ ಅರ್ಥವಾಗುವ ಮಾತು. ಆದರೆ ಒಬ್ಬರು ತಂಪ ಎಂದರೆ ಮನಸ್ಸಿನ ಒಂದು ಉನ್ನತ ಸ್ಥಿತಿ ಎಂದರು. ಇನ್ನೊಬ್ಬರು ಹಳಗನ್ನಡದಲ್ಲಿ ಚಂದ್ರನಿಗೆ ತಂಗದಿರ, ತಂಪು ಕಿರಣದವ, ಎಂಬ ಹೆಸರುಂಟು, ಆದರೆ ಕವಿ ಇಲ್ಲಿ ಅದನ್ನೂ ದಾಟಿ ಹೋಗಿದ್ದಾರೆ ಎಂದರು, ಪಾಪ, ಬಾಗಿಲವರೆಗೆ ಬಂದು ವಾಪಸು ಹೋದರು. ಸೌಂದರ್ಯವೆಂಬ ಸವೆದ ಕಲ್ಪನೆಯನ್ನು ತಿರಸ್ಕರಿಸಿ ರೈತನ ಹದವನ್ನು ಎತ್ತಿ ಹಿಡಿದ ಕವಿ ಎಂದು ಮೂರನೆಯವರು ಬರೆದರು. ನಾನು ಅವರನ್ನು ಹಾಸ್ಯ ಮಾಡುವುದಿಲ್ಲ. ಒಂದು ಮಾತು ಒಂದೇ ಬಾಗಿಲಿನಿಂದ ಬರಬೇಕೆಂದೇನಿಲ್ಲ, ಅವರು ಕಂಡದ್ದೂ ಅದರಲ್ಲಿ ಇದ್ದೀತು. ಆದರೆ ಮೊದಲ ಬಾಗಿಲು ಯಾವುದೆಂದು ಅವರಿಗೆ ತಿಳಿದಿರಲಿಲ್ಲ.

ಕೇಳಿದವರಿಗೆ ಮಾವ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೋ ಒಂದು ಹೇಳಿ ಚಾ ತರಿಸುತ್ತಿದ್ದರು. ಅರ್ಥ ಯಾಕೆ ಬಿಡಿಸಿ ಹೇಳುವುದಿಲ್ಲವೆಂದು ಒಮ್ಮೆ ನಾನೇ ಕೇಳಿದೆ. ಇಬ್ಬರೂ ವಂಡ್ಸೆಯಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಾಗ ಕೆಳಗಿಳಿದು ಎಳನೀರು ಕುಡಿಯುತ್ತಿದ್ದೆವು. "ಅರ್ಥ ಹೇಳುಕೆ ಹೊರ್ಟ್ರೆ ಅಪ್ಪಯ್ಯನ ಹೆಸ್ರ್ ಹೇಳ್ಕ್. ಅಬ್ಬಿ ಅದನ್ನ್ ಹೇಳುದಿಲ್ಲ ಅಂಬ್ದೂ ಹೇಳ್ಕ್" ಎಂದರು. ಆಮೇಲೆ ಎಳನೀರಿನ ಗಂಜಿ ಕೆರೆದು ತಿಂದು, "ಅಬ್ಬಿ ಇಷ್ಟ್ ವರ್ಷ ಬಾಯಿ ಕಟ್ಟಿ ಇಟ್ಕಂಡದ್ದನ್ನ್ ನಾ ಮೈಕ್ ಹಿಡ್ದ್ ಹೇಳುದಾ?" ಎಂದು ನನ್ನನ್ನೇ ಕೇಳಿದರು. ಬಸ್ಸು ಹೊರಟಿತು, ಹತ್ತಿ ಕುಳಿತೆವು.

ಅಮ್ಮಮ್ಮನಿಗೆ ಮಗನ ಕವಿತೆ ಕೇಳಿಸಿದ್ದು ಒಂದೇ ಸಲ, ರೇಡಿಯೋದಲ್ಲಿ. ಮಾವ ಮಂಗಳೂರಿಗೆ ಹೋಗಿ ಓದಿ ಬಂದಿದ್ದರು, ಒಂದು ಭಾನುವಾರ ಅದು ಬರುತ್ತದೆಂದು ಎಲ್ಲರೂ ಜಗಲಿಯಲ್ಲಿ ಸೇರಿದ್ದೆವು. ಅಜ್ಜಯ್ಯ ಒರಗುಕುರ್ಚಿಯಲ್ಲಿ, ಅಮ್ಮಮ್ಮ ಬಾಗಿಲ ಪಡಿಗೆ ಒರಗಿ. ಪೆಟ್ಟಿಗೆಯೊಳಗಿಂದ ಮಾವನ ದನಿ ತಂಪ ಎಂದಿತು, ಹದ ಎಂದಿತು. ಅಮ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಅಡಿಗೆಮನೆಗೆ ನಡೆದೇ ಬಿಟ್ಟಳು. ತನ್ನ ಗಂಡನ ಹೆಸರನ್ನು ಊರೆಲ್ಲ ಕೂಗಿದ ಹಾಗೆ ಅವಳಿಗೆ ಆಗಿರಬೇಕು. ಮಾವ ಹಿಂದೆಯೇ ಹೋದರು. "ಅಲ್ಲ ಶೀನ, ಮನೆ ಒಳ್ಗಿನ್ ಮಾತನ್ನ್ ರೇಡಿಯೋಕ್ ಎಂತಕ್ಕೆ ಹಾಕ್ದೆ?" ಎಂದು ಅವಳು ಕೇಳಿದ್ದೂ, "ನಂಗ್ ಬೇರೆ ಮಾತ್ ಬತ್ತಿಲ್ಲೆ ಅಬ್ಬಿ" ಎಂದು ಅವರು ಹೇಳಿದ್ದೂ ಹೊರಗೆ ಕುಳಿತ ನಮಗೆಲ್ಲ ಕೇಳಿಸಿತು. ಅಜ್ಜಯ್ಯ ಮಾತ್ರ ಕುರ್ಚಿಯಲ್ಲಿ ಹಿಗ್ಗಿ ಕುಳಿತಿದ್ದರು. ಜೀವಮಾನದಲ್ಲಿ ಒಮ್ಮೆಯೂ ಹೆಂಡತಿಯ ಬಾಯಲ್ಲಿ ತನ್ನ ಹೆಸರು ಕೇಳದ ಆ ಮನುಷ್ಯ ಅಂದು ತುಂಬ ಸಂತೋಷದಲ್ಲಿದ್ದರು ಎಂದು ನನಗೆ ಖಂಡಿತ ಗೊತ್ತು. ರೇಡಿಯೋ ನಿಂತ ಮೇಲೂ ಅವರು ಅದರ ಮೇಲೆ ಕೈಯಿಟ್ಟುಕೊಂಡೇ ಇದ್ದರು.

ಅಜ್ಜಯ್ಯ ಹೋದರು, ಕೆಲವು ವರ್ಷಗಳ ನಂತರ ಅಮ್ಮಮ್ಮ. ಅವರು ಹೋದ ಮೇಲೂ ಅವಳು ಹೆಸರು ಹೇಳಲಿಲ್ಲ. ಮನೆ ಪಾಲಾಯಿತು, ಯಾರೂ ಜಗಳವಾಡಲಿಲ್ಲ, ಪಾಲು ತೆಗೆದುಕೊಂಡವರು ಬೇರೆ ಬೇರೆ ಊರಿನಲ್ಲಿದ್ದುದರಿಂದ ಮಾರಿದರು. ಕೊಂಡವರು ಮನೆ ಇಳಿಸಿ ಗೋದಾಮು ಕಟ್ಟಿದರು. ಭತ್ತ ಒಣಗುತ್ತಿದ್ದ ಅಂಗಳದಲ್ಲಿ ಈಗ ಲಾರಿ ತಿರುಗಿಸುತ್ತಾರೆ. ನನ್ನ ಅಮ್ಮ, ಅಣ್ಣಂದಿರು, ದೊಡ್ಡಮ್ಮ ಚಿಕ್ಕಮ್ಮಂದಿರು, ಆ ಮನೆಯ ಮಾತು ತಿಳಿದವರು ಒಬ್ಬೊಬ್ಬರಾಗಿ ಕಳಚಿಕೊಂಡರು. ಕೊನೆಗೆ ತಂಪ ಎಂದರೆ ಆಕಾಶ ನೋಡುವವರು ಈ ಭೂಮಿಯ ಮೇಲೆ ನಾನು ಮತ್ತು ಶೀನ ಮಾವ ಇಬ್ಬರೇ ಉಳಿದೆವು.

ಹೀಗಿರುವಾಗ ಮಾವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಅದಕ್ಕಿಂತ ಹೆಚ್ಚಾಗಿ ಮಾತು. ಆಸ್ಪತ್ರೆಯಿಂದ ಬೈಂದೂರಿನ ಮನೆಗೆ ಬಂದ ಮೇಲೆ ಮಾತು ಕಲಿಸಲು ಒಬ್ಬ ಹುಡುಗಿ ಬರತೊಡಗಿದಳು, ಶೈಲಾ ಎಂದು, ಧಾರವಾಡದ ಕಡೆಯವಳು. ಮಾವನ ಮಗ ದಿನೇಶ ಈಗ ಅಕ್ಕಿ ಅಂಗಡಿ ನೋಡಿಕೊಳ್ಳುತ್ತಾನೆ. ಒಳ್ಳೆಯ ಹುಡುಗ, ಅಪ್ಪನನ್ನು ಮಗುವಿನ ಹಾಗೆ ಸ್ನಾನ ಮಾಡಿಸಿ ಉಣಿಸುತ್ತಿದ್ದ. ಆದರೆ ಬೈಂದೂರಿನಲ್ಲೇ ಹುಟ್ಟಿ ಬೆಳೆದವನಿಗೆ ಹಟ್ಟಿಯಂಗಡಿಯ ಅಂಗಳದ ಮಾತು ಗೊತ್ತಿಲ್ಲ, ಅಪ್ಪನ ಪುಸ್ತಕ ಓದಿದವನೂ ಅಲ್ಲ. ಹಿತ್ತಲ ಗಿಡ ಮದ್ದಲ್ಲ. ಒಂದು ದಿನ ಅವನು ಫೋನು ಮಾಡಿ, "ಅಕ್ಕ, ಅಪ್ಪಯ್ಯಂಗೆ ತಲಿ ಪೂರ್ತಿ ಹೋಯ್ತ್ ಕಾಣ್. ಕೇಂಡದ್ದಕ್ಕೆ ಎಂತೆಂತದೋ ಹೇಳ್ತ್ರ್. ತಿದ್ದಿರೆ ಸಿಟ್ಟ್ ಮಾಡ್ತ್ರ್, ಕಣ್ಣೀರ್ ಹಾಕ್ತ್ರ್. ಆ ಹುಡುಗಿಗೆ ಇನ್ನ್ ಬರುದ್ ಬ್ಯಾಡ ಅಂತ ಹೇಳ್ತೆ" ಎಂದ. ಅವನ ದನಿಯೇ ಒಡೆದಿತ್ತು. ನಾನು ಬಂದು ಒಮ್ಮೆ ನೋಡುತ್ತೇನೆ, ಅಲ್ಲಿಯವರೆಗೆ ಏನೂ ಹೇಳಬೇಡ ಎಂದೆ. ಶಬ್ದಗಳಿಂದಲೇ ಬದುಕಿದ ಮನುಷ್ಯನಿಗೆ ಮಾತಿನ ಬಾಗಿಲು ಮುಚ್ಚುವುದನ್ನು ನಾನು ಸುಮ್ಮನೆ ಕೂತು ನೋಡುವವಳಲ್ಲ.

ಶೈಲಾ ಬರುವ ದಿನ ಅಂಗಡಿಯನ್ನು ನಮ್ಮ ಯಜಮಾನರಿಗೆ ಬಿಟ್ಟು ಬಸ್ಸು ಹತ್ತಿದೆ. ಮಾವ ಕಿಟಕಿಯ ಹತ್ತಿರದ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಹುಡುಗಿ ಮುದ್ದಾದ ಮುಖದವಳು, ಸಹನೆಯವಳು. ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಿದ್ದಳು. ಕಪ್ಪು ಆಕಾಶದಲ್ಲಿ ದುಂಡನೆಯ ಚಂದ್ರನ ಚಿತ್ರ ಹಿಡಿದು, "ಅಜ್ಜಾರ, ಇದೇನ್ರಿ?" ಎಂದಳು. ಮಾವ ತುಂಬ ಹೊತ್ತು ಮಾತಿಗೆ ತಡಕಾಡಿ, ಸ್ಪಷ್ಟವಾಗಿ, "ತಂಪ" ಎಂದರು.

ಅವಳು ಮೆಲ್ಲಗೆ ತಲೆಯಾಡಿಸಿ, "ಚಂದ್ರ ಅನ್ರಿ ಅಜ್ಜಾರ. ಚಂ-ದ್ರ" ಎಂದಳು. ಮಾವ ಮುಖ ಆಚೆಗೆ ತಿರುಗಿಸಿದರು. ಮಲ್ಲಿಗೆಯ ಚಿತ್ರ ಬಂತು. ಅವರು ಮಾಲೆಹೂ ಎಂದರು. ಹೂವು ಹೇಗಿದೆ ಎಂದು ಕೇಳಿದ್ದಕ್ಕೆ, "ಹದ." ಅವಳು ಮತ್ತೆ ತಿದ್ದಲು ಹೋದಾಗ ಮಾವ ಎಡಗೈಯಿಂದ ಮಂಚದ ಪಟ್ಟಿಗೆ ಗುದ್ದಿದರು, ಕಣ್ಣಲ್ಲಿ ನೀರು ತುಂಬಿತು. ಬಾಗಿಲಲ್ಲಿ ನಿಂತ ದಿನೇಶ ನನ್ನ ಕಡೆ ನೋಡಿ, ನಾ ಹೇಳ್ಲಿಲ್ಲವಾ ಎಂಬಂತೆ ತಲೆ ತಗ್ಗಿಸಿದ. ನನಗೋ, ಎದೆಯೊಳಗೆ ಏನೋ ಕುಣಿದ ಹಾಗಾಗಿತ್ತು. ಅವರ ತಲೆ ಎಲ್ಲಿಗೂ ಹೋಗಿರಲಿಲ್ಲ. ಶಾಲೆ, ಪೇಟೆ, ಪುಸ್ತಕ ಕೊಟ್ಟ ಮಾತೆಲ್ಲ ತೊಳೆದುಹೋಗಿ, ಅಮ್ಮಮ್ಮ ಮಡಿಲಲ್ಲಿ ಕೂರಿಸಿ ಕೊಟ್ಟದ್ದು ಮಾತ್ರ ಅಲ್ಲಾಡದೆ ಉಳಿದಿತ್ತು.

"ಅವ್ರು ಸರಿಯಾಗೇ ಹೇಳಿದ್ರು ಮಾರಾಯ್ತಿ" ಎಂದೆ. "ಮೂರಕ್ಕೆ ಮೂರೂ ಸರಿ."

ಅವಳು ಗಾಬರಿಯಿಂದ ನನ್ನನ್ನು ನೋಡಿದಳು, ನನಗೂ ಏನಾದರೂ ಆಗಿದೆಯೋ ಎಂಬಂತೆ. ನಾನು ಮಂಚದ ತುದಿಯಲ್ಲಿ ಕುಳಿತು ಹೇಳಿದೆ. ಅಜ್ಜಯ್ಯನ ಹೆಸರು ಹೇಳಿದೆ, ಅಮ್ಮಮ್ಮ ಅದನ್ನು ಹೇಳದ್ದು ಹೇಳಿದೆ, ಹಂಡೆ, ಅಂಗಳ, ಗುಲಾಬಿಯ ಬಂಗುಡೆ ಎಲ್ಲವನ್ನೂ ಹೇಳಿದೆ. ಮನೆಯ ಹೊರಗಿನವರ ಮುಂದೆ ಆ ಶಬ್ದಗಳ ಅರ್ಥ ಬಿಡಿಸಿದ್ದು ಅದೇ ಮೊದಲು. ಮಾವ ಇಷ್ಟು ಕಾಲ ಬಾಯಿ ಬಿಡದ್ದನ್ನು ಅವರ ಎದುರೇ ಹೇಳುವಾಗ ಅವರ ಅಪ್ಪಣೆಗೆಂದು ಒಮ್ಮೆ ಮುಖ ನೋಡಿದೆ. ಅವರು ಎಡಗೈ ಚಾಚಿ ನನ್ನ ಮೊಣಕೈ ಹಿಡಿದುಕೊಂಡರು, ಕಥೆ ಮುಗಿಯುವವರೆಗೂ ಬಿಡಲಿಲ್ಲ.

ಶೈಲಾ ತೋರಿಸಿದ ಕಾರ್ಡುಗಳನ್ನು ಮತ್ತೆ ತಿರುವಿ ನೋಡಿದಳು. "ಅಂದ್ರ ಅಜ್ಜಾರು ಒಂದೂ ತಪ್ಪ ಹೇಳಿಲ್ಲೇನ್ರಿ?" ಎಂದು ಕೇಳಿದಳು. ಆಮೇಲೆ ಎಲ್ಲವನ್ನೂ ಒಟ್ಟು ಮಾಡಿ, "ತಡೀರಿ ಅಜ್ಜಾರ, ಮತ್ತ ಮೊದಲಿಂದ ಶುರು ಮಾಡೂಣ್ರಿ" ಎಂದು ಮೊದಲ ಕಾರ್ಡು ಎತ್ತಿದಳು. ಮಾವ ತಂಪ ಎಂದರು. "ಹೌದ್ರಿ, ತಂಪ" ಎಂದಳು ಅವಳು. ಲಕ್ವ ಹೊಡೆದ ಮೇಲೆ ಮಾವ ನಕ್ಕಿರಲಿಲ್ಲವಂತೆ, ಅಂದು ನಕ್ಕರು, ಅರ್ಧ ಬಾಯಲ್ಲಿ, ಆದರೆ ಪೂರ್ತಿ ನಗು. ದಿನೇಶ ಹೊರಗೆ ಹೋಗಿ ಬಾವಿಕಟ್ಟೆಯಲ್ಲಿ ಮುಖಕ್ಕೆ ನೀರು ಹಾಕಿಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದ. ಹುಡುಗಿ ಬರುವುದು ಬೇಡವೆಂಬ ಮಾತು ಮತ್ತೆ ಆ ಮನೆಯಲ್ಲಿ ಏಳಲಿಲ್ಲ.

ಅಂದಿನಿಂದ ವಾರಕ್ಕೊಮ್ಮೆ ಬೈಂದೂರಿಗೆ ಹೋಗುವುದು ನನ್ನ ಕೆಲಸವಾಯಿತು. ಶೈಲಾ ಮತ್ತು ಮಾವನ ನಡುವೆ ನಾನು ಕೂರುತ್ತಿದ್ದೆ, ಅರ್ಥಕೋಶದ ಹಾಗೆ. ಅಮ್ಮಮ್ಮನ ಮಾತುಗಳನ್ನೇ ಮೆಟ್ಟಿಲು ಮಾಡಿಕೊಂಡು ಉಳಿದವು ಒಂದೊಂದಾಗಿ ಹತ್ತಿ ಬಂದವು. ಮೊದಲು ಅಡಿಗೆಮನೆಯವು, ಸೌಟು, ಉಪ್ಪು, ಗಂಜಿ. ಆಮೇಲೆ ಗಂಟಿ ಎನ್ನುವ ದನಕರು, ಹಾಡಿ, ಹೊಳೆ, ದೋಣಿ. ಅಕ್ಕಿ ಅಂಗಡಿಯ ಮಾತು ಬರಲು ತಿಂಗಳುಗಳೇ ಹಿಡಿದವು. ಒಂದು ಬೆಳಿಗ್ಗೆ ದಿನೇಶ ತಂದು ತೋರಿಸಿದ ಅಕ್ಕಿಯನ್ನು ಎಡಗೈಯ ಬೆರಳಲ್ಲಿ ಉಜ್ಜಿ, "ಭತ್ತ ನೆಂದದ್ ಸಾಲ್ದ್" ಎಂದು ಹೇಳಿ ಮಗನನ್ನು ಬೆರಗುಗೊಳಿಸಿದರು. ಪುಸ್ತಕದ ಮಾತು ಮಾತ್ರ ಬರಲೇ ಇಲ್ಲ. ಕವಿತೆ ಎಂಬ ಶಬ್ದವೇ ಅವರಿಗೆ ಮತ್ತೆ ಸಿಗಲಿಲ್ಲ. ಅವರಿಗೆ ಅದರ ಕೊರತೆ ಕಂಡಂತೆಯೂ ಇರಲಿಲ್ಲ. ಶೈಲಾಳೂ ಬದಲಾದಳು. ಒಂದು ದಿನ ನನ್ನ ಅಂಗಡಿಗೆ ಬಂದು ಹಸಿರು ಸೀರೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು, "ಹದ ಐತೇನ್ರಿ ಅಕ್ಕಾರ?" ಎಂದು ಕೇಳಿದಾಗ ಪಕ್ಕದ ಗಿರಾಕಿಗಳು ನಕ್ಕರು. ನನಗೆ ನಗು ಬರಲಿಲ್ಲ. ಆ ಮಾತಿಗೆ ಮೂರನೆಯ ಒಬ್ಬಳು ಸಿಕ್ಕಿದಳು ಎಂದು ಆ ಸೀರೆಗೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ.

ಮಾವ ಈಗಿಲ್ಲ. ಕಳೆದ ಮಳೆಗಾಲದ ಕೊನೆಗೆ, ನಿದ್ದೆಯಲ್ಲೇ ಹೋದರು. ಅವರ ಎಲ್ಲ ಕವಿತೆಗಳನ್ನು ಒಟ್ಟಿಗೆ ಅಚ್ಚು ಮಾಡುವವರು ನನ್ನಲ್ಲಿಗೂ ಬಂದಿದ್ದರು. ಕೊನೆಯಲ್ಲಿ ಶಬ್ದಗಳ ಅರ್ಥ ಕೊಡಬೇಕು, ಹೇಳಿ ಎಂದರು. ಹೇಳಿದ್ದೇನೆ, ತಂಪ ಎಂದರೆ ಚಂದ್ರ, ಹದ ಎಂದರೆ ಚಂದ ಎಂದು, ಯಾರ ಬಾಯಿಂದ ಬಂತು ಎಂಬುದನ್ನೂ ಸೇರಿಸಿ. ಅಮ್ಮಮ್ಮನ ಹೆಸರು ಒಂದು ಪುಸ್ತಕದಲ್ಲಿ ಬರಬೇಕಾದದ್ದೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅಲ್ಲಿ ಬರೆಸದ ಒಂದು ಸಂಗತಿ ಉಳಿದಿದೆ, ಅದು ಅರ್ಥಕೋಶದಲ್ಲಿ ಹಿಡಿಯುವಂಥದ್ದಲ್ಲ.

ಮಾವ ಹೋಗುವುದಕ್ಕೆ ಕೆಲವು ವಾರ ಮೊದಲು, ಒಂದು ಮಧ್ಯಾಹ್ನ. ಮಾವ ಅಷ್ಟರಲ್ಲಿ ಮನೆಯವರ ಹೆಸರುಗಳನ್ನೆಲ್ಲ ಹೇಳುತ್ತಿದ್ದರು, ನನ್ನದು, ದಿನೇಶನದು, ಸತ್ತುಹೋದ ಹೆಂಡತಿಯದು ಕೂಡ. ಶೈಲಾ ಗೋಡೆಯಿಂದ ಅಜ್ಜಯ್ಯನ ಫೋಟೋ ಇಳಿಸಿ, ಧೂಳು ಒರೆಸಿ ಅವರ ತೊಡೆಯ ಮೇಲಿಟ್ಟು, "ಇವರು ಯಾರ್ರೀ ಅಜ್ಜಾರ?" ಎಂದು ಕೇಳಿದಳು. "ಅಪ್ಪಯ್ಯ" ಎಂದರು ಮಾವ, ತಡವಿಲ್ಲದೆ. "ಹೆಸರು?" ಮಾವನ ತುಟಿ ತೆರೆಯಿತು. ಆ ಹೆಸರು ಅವರಿಗೆ ಬಂದಿತ್ತು, ನಾನು ಎದುರೇ ಕುಳಿತು ನೋಡುತ್ತಿದ್ದೆ, ನಾಲಿಗೆ ಅದನ್ನು ಹಿಡಿದೇ ಇತ್ತು. ಆದರೆ ಅವರು ತಟ್ಟನೆ ಬಾಯಿ ಮುಚ್ಚಿ, ಅಡಿಗೆಮನೆಯ ಬಾಗಿಲ ಕಡೆಗೆ ನೋಡಿದರು. ಆಮೇಲೆ ನಮ್ಮಿಬ್ಬರಿಗೂ ಸುಮ್ಮನಿರಿ ಎಂಬಂತೆ ಎಡಗೈ ಎತ್ತಿ, ಪಿಸುದನಿಯಲ್ಲಿ ಹೇಳಿದರು.

"ಅಬ್ಬಿ ಒಳ್ಗಿತ್ತ್."

ಒಳಗಿದ್ದಾಳಂತೆ. ಅಮ್ಮಮ್ಮ ಬೈಂದೂರಿನ ಆ ಮನೆಯಲ್ಲಿ ಎಂದೂ ಇದ್ದವಳಲ್ಲ. ಶೈಲಾ ಅರ್ಥಕ್ಕಾಗಿ ಎಂದಿನಂತೆ ನನ್ನ ಮುಖ ನೋಡಿದಳು. ಅಡಿಗೆಮನೆಯಲ್ಲಿ ಯಾರೂ ಇಲ್ಲ ಎಂದು ನಾನು ಹೇಳಬಹುದಿತ್ತು. ನನಗೆ ಹೇಳಬೇಕೆನಿಸಲಿಲ್ಲ.

"ಹೌದ್ ಮಾವ, ಒಳ್ಗಿತ್ತ್" ಎಂದೆ. ಆ ಸಂಜೆ ನಾನು ಬಸ್ಸಿಗೆ ಹೊರಡುವವರೆಗೂ ನಾವು ಮೂವರೂ ದನಿ ತಗ್ಗಿಸಿಯೇ ಮಾತಾಡಿದೆವು.